ಚಪ್ಪಲಿ ಕಾಯುವವನ ಹಳೇಬೀಡು

ರೈಲು ಜಂಕ್ಷನ್ ಇರುವ ಊರಿನಲ್ಲಿ ಮನೆ ಮಾಡಿದವನಿಗೆ ನೆಂಟರ ಕೊರತೆ ಇರುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಅರಸೀಕೆರೆಯಲ್ಲಿ ಇಳಿದವರೆಲ್ಲ ನಮ್ಮ ಮನೆಗೆ ಬಂದು, ಸ್ನಾನ ಮಾಡಿ, ಕಾಫಿ ಕುಡಿದು, "ಬೇಲೂರು ಹಳೇಬೀಡು ನೋಡಿಬಿಡೋಣ, ಹೇಗೂ ನೀವಿದ್ದೀರಲ್ಲ" ಅನ್ನುವರು. ನನ್ನಾಕೆ ಜಾನಕಿ ಪುಳಿಯೋಗರೆ ಕಲಸಿ ಡಬ್ಬಿ ತುಂಬುವಳು. ನನ್ನ ಕೆಲಸ ಗುಡಿಯ ಮೆಟ್ಟಿಲ ಬಳಿ ಕೂತು ಎಲ್ಲರ ಚಪ್ಪಲಿ, ಡಬ್ಬಿ, ಕೊಡೆ ಕಾಯುವುದು. "ನೀವೂ ಒಂದ್ಸಲ ಒಳಗೆ ಬನ್ನೀಂದ್ರೆ" ಎಂದು ಅವಳು ಕರೆದರೆ, "ಕಲ್ಲು ತಾನೆ, ಎಲ್ಲಿ ಓಡಿಹೋಗುತ್ತೆ?" ಅನ್ನುತ್ತಿದ್ದೆ. ಹೀಗಾಗಿ ಶಿಲ್ಪಕಲೆಯಲ್ಲಿ ನನ್ನ ಜ್ಞಾನ ಸೊನ್ನೆ. ನೆಂಟರ ಅಂಗಾಲಿನ ಅಳತೆ ಮಾತ್ರ ಬಾಯಿಪಾಠ.

ಕಲ್ಲು ಓಡಿಹೋಗಲಿಲ್ಲ. ಹೋದ ವರ್ಷ ಜಾನಕಿ ಹೋದಳು. ವೈಕುಂಠ ಸಮಾರಾಧನೆಯ ಊಟ ಉಂಡು ಹೋದ ನೆಂಟರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವರ ಪ್ರೀತಿ ನನ್ನ ಮೇಲೂ ಇರಲಿಲ್ಲ, ಹೊಯ್ಸಳರ ಮೇಲೂ ಇರಲಿಲ್ಲ, ಆ ಪುಳಿಯೋಗರೆಯ ಮೇಲಿತ್ತು ಎಂದು ತಡವಾಗಿ ತಿಳಿಯಿತು. ಭಾನುವಾರಗಳು ತೀರಾ ಉದ್ದವಾದವು. ಮನೆಯಲ್ಲಿ ಕೂರಲಾರದೆ ಒಂದು ಭಾನುವಾರ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. "ಎಷ್ಟು ಜನ ಸ್ವಾಮಿ?" ಎಂದ ಪರಿಚಯದ ಕಂಡಕ್ಟರ್. "ಒಬ್ಬನೇ" ಎಂದೆ. ಅವನು ನನ್ನ ಹಿಂದೊಮ್ಮೆ ಇಣುಕಿ ನೋಡಿ ಟಿಕೆಟ್ ಹರಿದ.

ಹಳೇಬೀಡಿನಲ್ಲಿ ಮೊದಲು ಜೈನ ಬಸದಿಗೆ ಹೋದೆ. ಅಲ್ಲಿನ ಕಂಬಗಳು ಕನ್ನಡಿಯ ಹಾಗೆ ನುಣುಪು. ಒಂದರ ಮುಂದೆ ನಿಂತರೆ ನನ್ನಂಥವರೇ ನಾಲ್ಕಾರು ಮಂದಿ ಕಂಡರು, ಒಬ್ಬನಾದರೂ "ಊಟ ಆಯ್ತಾ?" ಎಂದು ಕೇಳಲಿಲ್ಲ. ಅಲ್ಲಿಂದ ಈಶ್ವರನ ಗುಡಿಗೆ ಬಂದು, ಕಳ್ಳನೂ ಮೂಸಿ ನೋಡದ ನನ್ನ ಚಪ್ಪಲಿಯನ್ನು ಅನಾಥವಾಗಿ ಬಿಟ್ಟು, ಮೊದಲ ಸಲ ಗೋಡೆಯ ಸುತ್ತ ನಡೆದೆ. ಕೆಳಗಿನ ಆನೆಗಳ ಸಾಲಿನಲ್ಲಿ ಒಂದಾನೆ ಮಾತ್ರ, ಹಿಂದಿನದು ಬಂತೋ ಇಲ್ಲವೋ ಎಂದು ತಿರುಗಿ ನೋಡುತ್ತಿತ್ತು. "ನೋಡೇ ಇಲ್ಲಿ!" ಎಂದು ಗಟ್ಟಿಯಾಗಿ ಅಂದುಬಿಟ್ಟೆ.

ಪಕ್ಕದಲ್ಲಿದ್ದವಳು ಯಾರೋ ಅಪರಿಚಿತ ಹೆಂಗಸು. ಅವಳ ಗಂಡ ರುಮಾಲು ಸರಿಮಾಡಿಕೊಂಡು ಮುಂದೆ ಬಂದ. "ಯಾರ್ನಯ್ಯಾ ನೀನು ನೋಡೇ ಅಂತಿರಾದು?"

"ನಮ್ಮನೆಯವಳು ಅಂದ್ಕೊಂಡೆ ಕಣ್ರೀ" ಎಂದು ತೊದಲಿದೆ. "ಅವಳು ತೀರಿಕೊಂಡು ವರ್ಷ ಆಯ್ತು. ಬಾಯಿಗೆ ಇನ್ನೂ ಗೊತ್ತಾಗಿಲ್ಲ."

ಆತ ರುಮಾಲಿನ ಮೇಲಿದ್ದ ಕೈ ಇಳಿಸಿದ. ಆ ತಾಯಿ ನನ್ನ ಮುಖವನ್ನೇ ನೋಡಿ, "ಅದೇನು ನೋಡು ಅಂದ್ರಿ, ನಮ್ಗೂ ತೋರ್ಸಿ. ನಮ್ಮೂರು ಗಂಡಸಿಯಿಂದ ನೋಡಕ್ಕೇ ಅಲ್ವಾ ನಾವು ಬಂದಿರಾದು" ಎಂದಳು.

ತೋರಿಸೋಣವೆಂದರೆ, ಗಾಬರಿಯಲ್ಲಿ ಹಿಂದೆ ಸರಿದಿದ್ದ ನನಗೆ ಜಾಗ ತಪ್ಪಿತ್ತು. ಗೋಡೆಯುದ್ದಕ್ಕೂ ಆನೆಗಳೇ ಆನೆಗಳು. ಮೂವರೂ ಬಗ್ಗಿಕೊಂಡು ಒಂದೊಂದೇ ಆನೆಯ ಮುಖ ನೋಡುತ್ತ ಹೊರಟೆವು. "ಇದಾ ಸ್ವಾಮಿ?" "ಅಲ್ಲ." ನಡುವೆ ಅವರು ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ಬಿಚ್ಚಿ ನನಗೂ ಬಡಿಸಿದರು, ಜಾನಕಿಯ ಅಡುಗೆಯ ಬಗ್ಗೆ ಕೇಳಿದರು, ನಾನು ಹೇಳಿದೆ, ಬಹಳ ಹೇಳಿದೆ. ಅವರು ಹತ್ತಬೇಕಿದ್ದ ಬೇಲೂರಿನ ಬಸ್ಸು ಹೊರಟೇಹೋಯಿತು. ಬಿಸಿಲು ಇಳಿದಾಗ ಆತ ಸೊಂಟ ಹಿಡಿದುಕೊಂಡು, "ಸಿಗ್ದಿದ್ರೆ ಹೋಗ್ಲಿ ಬಿಡಿ, ಇನ್ನೊಂದ್ಸಲ ಜೊತೇಲೇ ಬಂದು ಹುಡುಕಾನ" ಎಂದ.

ನಾನೂ ಹೂಂ ಎಂದೆ. ನಿಮ್ಮಲ್ಲಿ ಮುಚ್ಚಿಡುವುದೇನು? ಅವರು ಬುತ್ತಿ ಬಿಚ್ಚುವ ಮೊದಲೇ ಆ ಆನೆ ನನ್ನ ಕಣ್ಣಿಗೆ ಬಿದ್ದಿತ್ತು. ನಾನು ಅದಕ್ಕೆ ಅಡ್ಡಲಾಗಿ ನಿಂತು, "ಇಲ್ಲೆಲ್ಲೂ ಇಲ್ಲ, ಮುಂದೆ ನೋಡೋಣ" ಎಂದಿದ್ದೆ.