ನನ್ನ ಅಳತೆ ಕೇಳಿದ ಸೈಕಲ್ಲು

ಟೇಪು ಹಿಡಿದವರನ್ನು ನಾನು ನಂಬುವುದಿಲ್ಲ. ಮೂವತ್ತು ವರ್ಷದಿಂದ ನಾನೇ ಟೇಪು ಹಿಡಿದು ಬಂದ ಜ್ಞಾನ ಇದು. ನನ್ನದು ಟೇಲರಿಂಗ್ ಅಂಗಡಿ. ಗಿರಾಕಿ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, 'ಮೂವತ್ನಾಲ್ಕು ಇರಬೇಕು' ಎಂದರೆ 'ಹೌದು ಸಾರ್' ಎನ್ನುತ್ತ ಪುಸ್ತಕದಲ್ಲಿ ಮೂವತ್ತೆಂಟು ಎಂದು ಬರೆದುಕೊಳ್ಳುತ್ತೇನೆ. ಇಡೀ ಬಡಾವಣೆಯ ಸೊಂಟದ ಗುಟ್ಟು ನನ್ನ ಬಳಿ ಭದ್ರವಾಗಿದೆ. ನನ್ನ ಅಳತೆ ಮಾತ್ರ ಯಾರ ಪುಸ್ತಕಕ್ಕೂ ಏರಿರಲಿಲ್ಲ.

ಅದಕ್ಕೆ ಕಾರಣವಿದೆ (ನಿಮ್ಮಲ್ಲೇ ಇರಲಿ). ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯ ಮಾತುಕತೆಯಲ್ಲಿ ನನ್ನ ಎತ್ತರ ಐದು ಅಡಿ ಏಳು ಇಂಚು ಎಂದು ಹೇಳಿದ್ದೆ. ಅದರಲ್ಲಿ ಎರಡೂವರೆ ಇಂಚು ಬರೀ ಬಾಯಿಮಾತು. ಆ ಬಾಯಿಮಾತನ್ನು ಉಳಿಸಿಕೊಳ್ಳಲು ಅಂದಿನಿಂದ ಮನೆಯೊಳಗೂ ದಪ್ಪ ಅಟ್ಟೆಯ ಚಪ್ಪಲಿ ಹಾಕುತ್ತೇನೆ. ಹೆಂಡತಿ ಕೇಳಿದರೆ ನೆಲ ತಣ್ಣಗಿದೆ ಎನ್ನುತ್ತೇನೆ, ಬೇಸಿಗೆಯಲ್ಲಿ ನೆಲ ಕಾದಿದೆ ಎನ್ನುತ್ತೇನೆ. ಅವಳಿಗೆ ನಿಜ ಗೊತ್ತಾದರೆ ಉಳಿದ ಐದು ಅಡಿ ನಾಲ್ಕೂವರೆ ಇಂಚಿನ ಮೇಲಿನ ನಂಬಿಕೆಯೂ ಹೋಗುತ್ತದೆ ಎಂದು ನನಗೆ ಭಯ. ತಮಾಷೆಗೆ ಹೇಳುತ್ತಿಲ್ಲ, ನಿಜವಾದ ಭಯ.

ಹೀಗಿರುವಾಗ ವಕ್ಕರಿಸಿದವನು ಹೆಂಡತಿಯ ತಮ್ಮ. ಆರಡಿ ಆಳು. ವರ್ಷಕ್ಕೊಮ್ಮೆ ಟ್ರೈಯಥ್ಲಾನ್ ಎಂಬ ಘನಕಾರ್ಯ ಮಾಡುತ್ತಾನೆ. ಮೊದಲು ಈಜುವುದು, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತುವುದು, ಸೈಕಲ್ ಇಳಿದವನೇ ಓಡುವುದು. (ಯಾರೂ ಅಟ್ಟಿಸಿಕೊಂಡು ಬಂದಿರುವುದಿಲ್ಲ.) ಒಂದು ಭಾನುವಾರ ಚಹಾ ಕುಡಿಯುತ್ತ, "ಭಾವಂಗೆ ಇದೆಲ್ಲ ಆಗೋ ಮಾತಲ್ಲ ಬಿಡು ಅಕ್ಕ" ಅಂದ. ಅವಳು ನಕ್ಕಳು. ಆ ನಗು ನನಗೆ ಸೇರಲಿಲ್ಲ. ಬರುವ ವರ್ಷ ನಾನೂ ಇಳಿಯುತ್ತೇನೆ ಎಂದು ಘೋಷಿಸಿಬಿಟ್ಟೆ.

"ಹಾಗಾದ್ರೆ ಅದಕ್ಕೇ ಅಂತ ಮಾಡಿರೋ ಸೈಕಲ್ ತಗೊಳ್ಳಿ ಭಾವ," ಅಂದ. "ಆದ್ರೆ ಮೊದಲು ಅಂಗಡೀಲಿ ಅಳತೆ ಕೊಡಿ. ಫ್ರೇಮ್ ಸೈಜು ತಪ್ಪಿದ್ರೆ ಪಜೀತಿ."

ಅಳತೆ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಸೈಕಲ್ಲಿಗೆ ಅಳತೆ ಯಾಕೆ? ಅದೇನು ನನ್ನ ಮೈಮೇಲೆ ಕೂರುತ್ತದೆಯೇ? ಇವನಿಗೆ ಏನೋ ವಾಸನೆ ಬಡಿದಿದೆ, ಅಕ್ಕತಮ್ಮ ಸೇರಿ ನನ್ನನ್ನು ಬರಿಗಾಲಲ್ಲಿ ನಿಲ್ಲಿಸುವ ಹುನ್ನಾರ ಮಾಡಿದ್ದಾರೆ ಎಂದು ಅನುಮಾನ ಬಂತು. ಯಾರಿಗೂ ಹೇಳದೆ ಒಬ್ಬನೇ ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯವನು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಆ ನೋಟ ನನಗೆ ಗೊತ್ತು, ಅದು ನನ್ನದೇ ನೋಟ. "ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತ್ಕೊಳ್ಳಿ ಸಾರ್. ಎರಡು ಕಾಲಿನ ಮಧ್ಯೆ ಈ ಪುಸ್ತಕ ಮೇಲಕ್ಕೆ ಒತ್ತಿ ಹಿಡೀರಿ, ಒಳಕಾಲಿನ ಅಳತೆ ತಗೋತೀನಿ," ಎಂದ. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಯಾವ ಗಿರಾಕಿಗೂ ಪುಸ್ತಕ ಹಾಗೆ ಹಿಡಿಯಲು ಹೇಳಿದವನಲ್ಲ.

"ಬರ್ಕೊಳ್ಳಿ, ನಾನೂ ಇದೇ ಕಸುಬಿನವನು," ಎಂದೆ. "ಎತ್ತರ ಐದು ಏಳು. ಒಳಕಾಲು ಮೂವತ್ತೊಂದು."

"ಒಂದ್ಸಲ ಅಳೆದುಬಿಡೋಣ ಸಾರ್. ಈ ಸೈಕಲ್ಲಲ್ಲಿ ಮುಂದಕ್ಕೆ ಬಗ್ಗಿ ಮೊಣಕೈ ಊರಿ ಓಡಿಸ್ಬೇಕು. ಎತ್ತರ ಒಂದೇ ಸಾಲಲ್ಲ, ಬೆನ್ನು, ಕೈ, ಎಲ್ಲ ನೋಡ್ಬೇಕು."

"ಬೇಡ. ಆ ಐವತ್ತಾರು ಸೈಜಿನದು ಕೊಡಿ."

"ಅದು ನಿಮಗೆ ದೊಡ್ಡದಾಗುತ್ತೆ."

"ಆಗ್ಲಿ," ಎಂದೆ. ಇಲ್ಲಿ ನನ್ನ ಕಸುಬಿನ ಮೂಲಮಂತ್ರ ಕೆಲಸ ಮಾಡಿತು. ದೊಡ್ಡದನ್ನು ಹಿಡಿದು ಹೊಲಿದು ಚಿಕ್ಕದು ಮಾಡಬಹುದು, ಚಿಕ್ಕದನ್ನು ಎಳೆದು ದೊಡ್ಡದು ಮಾಡಲಾಗದು. ಚಿಕ್ಕ ಸೈಜು ಖರ್ಚಾಗದೆ ಉಳಿದಿದೆ, ಅದನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದೂ ಗುಮಾನಿ ಇತ್ತು.

ಸೈಕಲ್ ಮನೆಗೆ ಬಂತು. ಹತ್ತಿದೆ, ಅಂದರೆ ಮೆಟ್ಟಿಲ ಮೇಲೆ ನಿಂತು ಹತ್ತಿದೆ. ಹೆಂಡತಿ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

"ಕಾಲು ಎಟುಕ್ತಿಲ್ಲ ಅಲ್ವಾ?"

"ಸೀಟು ಎತ್ತರ ಇದೆ."

"ಇಳಿಸಿ."

"ಇಳಿಸಿದೀನಿ."

"ಇನ್ನೂ ಇಳಿಸಿ."

"ಇನ್ನು ಇಳಿಸಿದ್ರೆ ಚಕ್ರದ ಮೇಲೆ ಕೂರಬೇಕು."

ಅವಳು ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಸುಮ್ಮನಿದ್ದಾಳೆಂದರೆ ಲೆಕ್ಕ ಹಾಕುತ್ತಿದ್ದಾಳೆ.

ಹ್ಯಾಂಡಲ್ಲು ನನ್ನಿಂದ ಒಂದು ಗಾವುದ ದೂರದಲ್ಲಿತ್ತು. ಅದನ್ನು ಮುಟ್ಟಲು ಸೀಟಿನ ತುದಿಗೆ ಜಾರಿ, ಒಣಹಾಕಿದ ಬಟ್ಟೆಯಂತೆ ಉದ್ದಕ್ಕೆ ಚಾಚಿಕೊಂಡು, ದಾರಿ ಕಾಣಲು ಕತ್ತು ಎತ್ತಬೇಕಿತ್ತು. ಎತ್ತಿದ ಕತ್ತು ಒಂದೇ ವಾರದಲ್ಲಿ ಅಲ್ಲೇ ನಿಂತುಬಿಟ್ಟಿತು. ಕೆಳಗೆ ನೋಡಲಾಗದ ದರ್ಜಿಯ ಪಾಡು ಕೇಳಬೇಡಿ. ಮೇಜಿನ ಮೇಲಿನ ಬಟ್ಟೆ ಕಾಣದೆ, ಬ್ಯಾಂಕ್ ಮ್ಯಾನೇಜರರ ಕೋಟಿನ ಎರಡು ತೋಳುಗಳನ್ನೂ ಎಡಗೈಗೇ ಕತ್ತರಿಸಿಬಿಟ್ಟೆ. ಅಂಗಡಿಯವನು ಬೇಕೆಂದೇ ತಪ್ಪು ಸೈಕಲ್ ಕೊಟ್ಟಿದ್ದಾನೆ ಎಂದು ಮನೆಯಲ್ಲಿ ರೇಗಾಡಿದೆ.

"ಹಾಗಾದ್ರೆ ನಡೀರಿ, ಕೇಳೇಬಿಡೋಣ," ಎಂದಳು ಹೆಂಡತಿ. ತಮ್ಮನಿಗೂ ಫೋನ್ ಮಾಡಿ ಬರಹೇಳಿದಳು. ನಾನು ನನ್ನ ಮಾತಿನಲ್ಲೇ ಸಿಕ್ಕಿಬಿದ್ದಿದ್ದೆ.

ಹೊರಡುವ ಮೊದಲು ಬುದ್ಧಿ ಓಡಿಸಿದೆ. ಕೋಟಿನ ಭುಜದೊಳಗೆ ಇಡುವ ಪ್ಯಾಡುಗಳನ್ನು ತಲಾ ಎರಡರಂತೆ ಕಾಲುಚೀಲದೊಳಗೆ ಇಟ್ಟುಕೊಂಡೆ. ನಡಿಗೆ ಸ್ವಲ್ಪ ಒಂಟೆಯ ಹಾಗಾಯಿತು. ಹೆಂಡತಿ ನನ್ನ ಕಾಲಿನತ್ತ ಒಮ್ಮೆ ನೋಡಿ ಬಾಗಿಲಿಗೆ ಬೀಗ ಹಾಕಿದಳು. ಅದೂ ಅನುಮಾನಕ್ಕೆ ಎಡೆಯಾಯಿತು.

"ಚಪ್ಪಲಿ ಬಿಡಿ ಸಾರ್," ಎಂದ ಅಂಗಡಿಯವನು. ಗಂಭೀರವಾಗಿ ಬಿಟ್ಟೆ. "ಸಾಕ್ಸೂ ತೆಗೀರಿ."

"ಸಾಕ್ಸಿನ ದಪ್ಪ ಎಷ್ಟಿರುತ್ತೆ ಮಹಾರಾಯ?"

"ನಿಮ್ಮದು ಸ್ವಲ್ಪ ಜಾಸ್ತಿನೇ ಕಾಣ್ತಿದೆ."

ನಾಲ್ಕು ಪ್ಯಾಡುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಭಾವಮೈದುನ ಬಗ್ಗಿ ಎತ್ತಿ ಧೂಳು ಒರೆಸಿ ಕೈಗೆ ಕೊಟ್ಟ. ನಾನು ಗೋಡೆಗೆ ಒರಗಿ, ಪುಸ್ತಕ ಹಿಡಿದು, ಕಣ್ಣು ಮುಚ್ಚಿದೆ.

"ಎತ್ತರ ಐದು ಅಡಿ ನಾಲ್ಕೂವರೆ ಇಂಚು," ಎಂದು ಅಂಗಡಿಯವನು ಬೀದಿಗೆ ಕೇಳುವಂತೆ ಓದಿದ. "ಐವತ್ತೊಂದು ಸೈಜು ಸಾಕು. ಚಿಕ್ಕದಿದ್ರೆ ಸೀಟು ಏರಿಸಿ, ಹ್ಯಾಂಡಲ್ ಮುಂದಕ್ಕೆ ತಂದು ಸರಿಮಾಡ್ಬಹುದು. ದೊಡ್ಡದನ್ನ ಏನೂ ಮಾಡೋಕಾಗಲ್ಲ ಸಾರ್, ಇದೇನು ಬಟ್ಟೆನಾ ಕತ್ತರಿಸೋಕೆ?"

ಇಪ್ಪತ್ತೆರಡು ವರ್ಷದ ಮರ್ಯಾದೆ ಮಣ್ಣುಪಾಲಾಯಿತು. ಮೆಲ್ಲಗೆ ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದೆ. ಅವಳು ಮಾರಾಟಕ್ಕಿಟ್ಟಿದ್ದ ನೀರಿನ ಬಾಟಲಿಯೊಂದರ ಮುಚ್ಚಳ ತಿರುಗಿಸಿ ನೋಡುತ್ತಿದ್ದಳು.

"ಕೇಳಿಸ್ತಾ?" ಎಂದೆ, ತಡೆಯಲಾರದೆ.

"ಅದೇನು ಹೊಸದಾ?"

"ನಿನಗೆ ಗೊತ್ತಿತ್ತಾ?"

"ಮದುವೆಗೆ ಮೊದಲು ಇವನನ್ನ ನಿಮ್ಮ ಅಂಗಡಿಗೆ ಪ್ಯಾಂಟು ಹೊಲಿಸೋಕೆ ಕಳಿಸಿದ್ವಿ. ಅಪ್ಪಂಗೆ ಅನುಮಾನ ಇತ್ತು."

"ಹೌದು ಭಾವ," ಎಂದ ಅವಳ ತಮ್ಮ ವಿನಯದಿಂದ. "ನೀವು ಬರಿಗಾಲಲ್ಲಿ ನಿಂತು ನನ್ನ ಅಳತೆ ತಗೋತಿದ್ರಿ. ನಿಮ್ಮ ತಲೆ ನನ್ನ ಗಲ್ಲಕ್ಕೆ ಬರುತ್ತೋ ಮೂಗಿಗೆ ಬರುತ್ತೋ ಅಂತ ನಾನು ನೋಡ್ಕೊಂಡು ಹೋದೆ."

ಅಳತೆ ತೆಗೆಯುವಾಗ ಗಿರಾಕಿಯ ಕಣ್ಣು ಎಲ್ಲಿರುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆದರೂ ಒಪ್ಪಿ ಮದುವೆಯಾದಳಲ್ಲ ಎಂದು ಎದೆ ತುಂಬಿ ಬಂತು. ದನಿ ಸಣ್ಣದು ಮಾಡಿ ಕೇಳಿದೆ, "ಮತ್ತೆ ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲ. ನನಗೆ ಬೇಜಾರಾಗುತ್ತೆ ಅಂತಾನಾ?"

"ಆಡಿದ್ರೆ ನೀವು ಎಟುಕಲ್ಲ ಅಂತ ಸ್ಟೂಲು ಕೇಳ್ತಿದ್ರಿ," ಎಂದಳು. "ಅಟ್ಟದ ಮೇಲಿನ ಪೆಟ್ಟಿಗೆ, ಗಡಿಯಾರದ ಧೂಳು, ಗೋಡೆಯ ಬಲ್ಬು, ಎಲ್ಲಾನೂ ಇಷ್ಟು ವರ್ಷ ತುದಿಗಾಲಲ್ಲಿ ನಿಂತು ನೀವೇ ಮಾಡ್ಕೊಟ್ರಿ. ಆಗಲ್ಲ ಅಂತ ಒಂದು ದಿನ ಬಾಯಿಬಿಟ್ಟವರಲ್ಲ. ನಾನ್ಯಾಕೆ ಹೇಳ್ಲಿ?"