ಚಿಕ್ಕಮ್ಮನ ಕರೆಂಟು

ಸೂರ್ಯನ ಜೊತೆ ಠೂ ಬಿಟ್ಟ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಹನಗೋಡಿನ ಕಡೆ ಬನ್ನಿ, ನಮ್ಮ ಚಿಕ್ಕಪ್ಪನನ್ನು ತೋರಿಸುತ್ತೇನೆ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಈ ಸಲದ ಅವರೆಕಾಯಿ ಮೂಟೆ ಕೆ.ಆರ್. ನಗರದ ನಮ್ಮ ಮನೆಗೆ ಬರುವುದಿಲ್ಲ! ಆಷಾಢದಲ್ಲಿ ಎರಡು ದಿನ ಮೋಡ ಕವಿಯಿತೆಂದರೆ ಸಾಕು, ಅವರು ಬೆಳಗ್ಗೆ ಸೂರ್ಯನಿಗೆ ಕೈ ಮುಗಿಯುವುದನ್ನು ನಿಲ್ಲಿಸಿ, ಪೂರ್ವಕ್ಕೆ ಬೆನ್ನು ಹಾಕಿ ಕೂತು ಕಾಫಿ ಕುಡಿಯುತ್ತಾರೆ. ಅವನು ಕೆಲಸಕ್ಕೆ ಬಂದ ಮೇಲೆ ತಾನು ಕೈ ಮುಗಿಯುವುದು ಎಂದು ಅವರ ಕರಾರು.

ಮೊದಲು ಹೀಗಿರಲಿಲ್ಲ. ಮೂವತ್ತು ವರ್ಷ ಹೊಗೆಸೊಪ್ಪು ಬೆಳೆದವರು. ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದವಳು ಚಿಕ್ಕಮ್ಮ. ಅಲ್ಲಿ ಮುಗಿಸಿ ಬಂದರೆ ಅಡುಗೆಮನೆಯ ಒಲೆ. ಕೊನೆಗೆ ಆ ಹೊಗೆಯೆಲ್ಲ ಅವಳ ಎದೆಯಲ್ಲಿ ಉಬ್ಬಸವಾಗಿ ಕೂತಿತು. ಡಾಕ್ಟರು ಮೂಗಿಗೆ ಔಷಧಿಯ ಆವಿ ಕೊಡುವ ಮಷೀನು ಬರೆದುಕೊಟ್ಟರು. ಒಂದು ಮಧ್ಯಾಹ್ನ ಉಬ್ಬಸ ಕೆರಳಿದಾಗ ನೋಡಿದರೆ ಕರೆಂಟೇ ಇಲ್ಲ. ಚಿಕ್ಕಪ್ಪ ಮಷೀನಿನ ವೈರು ಹಿಡಿದು, ಯಾವುದಾದರೊಂದರಲ್ಲಿ ಕರೆಂಟು ಉಳಿದಿರಬಹುದೇನೋ ಎಂಬಂತೆ ಮನೆಯ ಪ್ಲಗ್ಗಿಗೆಲ್ಲ ಚುಚ್ಚಿ ನೋಡಿದರಂತೆ. ಪಕ್ಕದ ಮನೆಯವರ ಜೀಪಿನಲ್ಲಿ ಹುಣಸೂರಿನ ಆಸ್ಪತ್ರೆ ಸೇರುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ಆ ವರ್ಷವೇ ಬ್ಯಾರನ್ನಿನ ಒಲೆ ಆರಿತು, ಅದರ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಬಂತು.

ಜೊತೆಗೆ ಕಾನೂನೂ ಬಂತು. ಅಲ್ಲಿಗೆ ಹೋದಾಗ ನಾನು ಏನೂ ಅರಿಯದೆ ಮೊಬೈಲನ್ನು ಸೋಲಾರಿನ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿದೆ. ಚಿಕ್ಕಪ್ಪ ಬಂದವರೇ ಕಿತ್ತರು.

"ಲೈನ್ ಕರೆಂಟಿಗೆ ಆಕ್ಕೊಳವ್ವ. ಇದು ನಿಮ್ ಚಿಕ್ಕಮ್ಮನ ಕರೆಂಟು."

ಚಿಕ್ಕಮ್ಮನ ಕರೆಂಟನ್ನು ಚಿಕ್ಕಮ್ಮನೂ ಮುಟ್ಟುವಂತಿಲ್ಲ! ಒಂದು ದಿನ ಅವಳು ಅದರಲ್ಲೇ ಮಿಕ್ಸಿ ತಿರುಗಿಸಿದಳೆಂದು ಗೊತ್ತಾಗಿ, ಚಿಕ್ಕಪ್ಪ ದೋಸೆಯ ತಟ್ಟೆ ಸರಿಸಿ ಎದ್ದರು. "ನಿನ್ ಉಸ್ರನ್ನ ರುಬ್ಬಿ ಚಟ್ನಿ ಮಾಡಿದ್ರೆ ನಾನ್ ಎಂಗ್ ತಿನ್ಲಿ?" ಎಂದರು. ಒಂದು ವಾರ ಚಟ್ನಿಯಿಲ್ಲದೆ ಬರೀ ದೋಸೆ ತಿಂದರು.

ಇಂಥವರ ಎದುರು ನಾನು ಫ್ಯುಯೆಲ್ ಸೆಲ್ಲಿನ ಮಾತೆತ್ತಬಾರದಿತ್ತು. ಕೆಲವು ದೇಶಗಳಲ್ಲಿ ಮನೆಯಲ್ಲೇ ಒಂದು ಪೆಟ್ಟಿಗೆ ಇಡುತ್ತಾರೆ, ಜಲಜನಕ ತುಂಬಿದರೆ ಬಿಸಿಲಿಲ್ಲದೆಯೂ ಕರೆಂಟು ಬರುತ್ತದೆ, ಅದು ಹೊರಗೆ ಬಿಡುವುದು ಬರೀ ನೀರು ಎಂದೆ. ಕರೆಂಟಿನ ವಿಚಾರ ಅವರು ಕೇಳಲೇ ಇಲ್ಲ.

"ಒಗೆ ಬರಕಿಲ್ವಾ?"

ಹೊಗೆ ಬರಲ್ಲ ಎಂದೆ. ಊಟಕ್ಕೆ ಕೂತಾಗ ಮತ್ತೆ ಕೇಳಿದರು. ಬಸ್ಸು ಹತ್ತಿಸುವಾಗ ಕೇಳಿದರು. ನಾನು ಮನೆ ಸೇರಿದ ಮೇಲೆ ಫೋನ್ ಮಾಡಿ, ಒಂಚೂರೂ ಬರಲ್ವಾ ಎಂದರು. ಮುಂದಿನ ಸಲ ಹೋದಾಗ ಬ್ಯಾರನ್ನಿನ ಒಂದು ಮೂಲೆಗೆ ಸುಣ್ಣ ಬಳಿದಿತ್ತು. ಪೆಟ್ಟಿಗೆ ಆ ಊರಿಗೆ ಯಾವ ಕಾಲಕ್ಕೆ ಬರುವುದೋ ಏನೋ, ನೀರು ಹಿಡಿಯುವ ಬಕೆಟ್ಟು ಮಾತ್ರ ಆಗಲೇ ಬಂದು ಕೂತಿತ್ತು!

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುತ್ತಿದ್ದಾಗಲೇ ಸೋಲಾರ್ ಬ್ಯಾಟರಿ ಸೊರಗತೊಡಗಿತು. ಚಿಕ್ಕಪ್ಪನ ಮುಖವೂ ಸೊರಗಿತು. ಹುಣಸೂರಿನಿಂದ ಬಂದ ಮೆಕ್ಯಾನಿಕ್ಕು ವೈರು ನೋಡಿದ, ಬ್ಯಾಟರಿ ನೋಡಿದ, ಕೊನೆಗೆ ಏಣಿ ಹತ್ತಿದ. ಮೇಲೆ ಪ್ರತಿ ಪ್ಯಾನೆಲ್ಲಿನ ಮೇಲೂ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ! ಚಿಕ್ಕಪ್ಪ ಸೋಮವಾರ ಸೋಮವಾರ ಹಚ್ಚಿ ಹಚ್ಚಿ, ಅದು ಗೋಡೆಗೆ ಗಾರೆ ಮೆತ್ತಿದಂತೆ ಒಣಗಿತ್ತು. ನೆರಳು ಬಿದ್ದರೆ ಕರೆಂಟು ಬರುವುದಿಲ್ಲ, ಒರೆಸಿ ಎಂದು ಅವನು ಇಳಿದು ಬಂದು ಬಟ್ಟೆ ಕೊಟ್ಟರೆ ಚಿಕ್ಕಪ್ಪ ಮುಖ ತಿರುಗಿಸಿಕೊಂಡರು. ನಮ್ಮ ಮನೆಯಲ್ಲಿ ಇಟ್ಟ ವಿಭೂತಿಯನ್ನು ಒರೆಸುವ ಮಾತೇ ಇಲ್ಲ. ಸೂರ್ಯನಿಗೇ ಬೆನ್ನು ಹಾಕಿದವರು ಬಟ್ಟೆಯನ್ನು ಮುಟ್ಟಲೇ ಇಲ್ಲ.

ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ಸೆರಗು ಸಿಕ್ಕಿಸಿದಳು. "ಬುಡಿ, ನಾನೇ ಅತ್ತಿ ಒರುಸ್ತೀನಿ" ಎಂದು ಏಣಿಗೆ ಕೈ ಹಾಕಿದಳು. ಚಿಕ್ಕಪ್ಪ ಮೆಕ್ಯಾನಿಕ್ಕಿನ ಕೈಯಿಂದ ಬಟ್ಟೆ ಕಿತ್ತುಕೊಂಡು, ಅವಳಿಗಿಂತ ಮೊದಲು ಏಣಿ ಹತ್ತಿದರು. ಒಂದೊಂದು ಪ್ಯಾನೆಲ್ಲಿಗೂ ತಪ್ಪಾಯ್ತಪ್ಪ, ತಪ್ಪಾಯ್ತಪ್ಪ ಎನ್ನುತ್ತ ಒರೆಸಿದರು.

ಕಳೆದ ಆಷಾಢದಲ್ಲಿ ನಾನು ಅಲ್ಲಿದ್ದೆ. ನಾಲ್ಕು ದಿನದಿಂದ ಮೋಡ, ಠೂ ಜಾರಿಯಲ್ಲಿತ್ತು. ಬೆಳಗ್ಗೆ ಲೈನಿನ ಮೇಲೆ ಮರ ಬಿದ್ದು ಊರಿಗೇ ಕರೆಂಟಿಲ್ಲ. ಮಧ್ಯಾಹ್ನ ಚಿಕ್ಕಮ್ಮನ ಉಬ್ಬಸ ಕೆರಳಿತು. ಎದೆ ಹಾರುತ್ತಿತ್ತು. ಚಿಕ್ಕಪ್ಪ ಸ್ವಿಚ್ಚು ಒತ್ತಿದರು. ಯಾರ ಮೊಬೈಲಿಗೂ, ಯಾವ ಚಟ್ನಿಗೂ ಸಿಗದೆ ಉಳಿದಿದ್ದ ಆ ಕರೆಂಟಿನಲ್ಲಿ ಮಷೀನು ಗುರ್ ಎಂದಿತು. ಕಾಲು ಗಂಟೆಯಲ್ಲಿ ಅವಳ ಉಸಿರು ಹದಕ್ಕೆ ಬಂತು. ಇಷ್ಟು ದಿನ ಇವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ಅಳು ಬಂತು.

ಚಿಕ್ಕಪ್ಪ ಗೂಡಿನಿಂದ ವಿಭೂತಿ ಗಟ್ಟಿ ತಂದು, ಬೆರಳು ಒದ್ದೆ ಮಾಡಿಕೊಂಡು, ಮಾಸ್ಕಿನ ಮೇಲೆ ಕಾಣುತ್ತಿದ್ದ ಅವಳ ಹಣೆಗೆ ಮೂರು ಪಟ್ಟೆ ಎಳೆದರು. ಅಳು ಮರೆಸಲು, ಪ್ಯಾನೆಲ್ಲಿನ ಪಾಲಿನ ವಿಭೂತಿ ಈಗ ಚಿಕ್ಕಮ್ಮನಿಗೋ ಎಂದು ಕೇಳಿದೆ.

"ಅಲ್ಲಿ ಇಕ್ಕಿದ್ದೂ ಇವ್ಳಿಗೇ ಕಣವ್ವ" ಎಂದರು.

ಆಮೇಲೆ ಅಂಗಳಕ್ಕಿಳಿದು, ಮೋಡದತ್ತ ಮುಖವೆತ್ತಿ ಕೈ ಮುಗಿದರು. ಸೂರ್ಯ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ.