ಮಿಲಿಟರಿ ಸಾಹೇಬರ ಪಕ್ಕದಲ್ಲಿ

ಕೆಲವರ ಹತ್ತಿರ ಹೆಸರು ತಾನಾಗಿಯೇ ಬರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಕೆಲಸ ನನ್ನದು. ಸರ್ವಿಸಿನ ಉದ್ದಕ್ಕೂ ಹೀಗೇ ಆಯಿತು. ಅಂತರ್ಜಲ ಕಚೇರಿಯಲ್ಲಿ ನಾವಿಬ್ಬರು ಭೂವಿಜ್ಞಾನಿಗಳು, ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರು. ಇನ್ನೊಬ್ಬರು ಪ್ರಾಯದಲ್ಲಿ ಸೈನ್ಯ ಸೇರಿ, ಯುದ್ಧ ಕಂಡು, ಕಾಲಿಗೆ ಪೆಟ್ಟು ಮಾಡಿಕೊಂಡು ಬಂದು, ಆಮೇಲೆ ಕಲ್ಲುಮಣ್ಣಿನ ವಿದ್ಯೆ ಓದಿದವರು. ಜನ ಅವರನ್ನು ಮಿಲಿಟರಿ ಸಾಹೇಬರು ಅನ್ನುತ್ತಿದ್ದರು. ನಾನು ಸಣ್ಣ ಸಾಹೇಬ. ಎತ್ತರದಲ್ಲಿ ನಾನೇ ಒಂದು ಗೇಣು ಹೆಚ್ಚು.

ಹೊಟ್ಟೆಕಿಚ್ಚು ಪಡಬಾರದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಾನು ಪಟ್ಟಿದ್ದೇನೆ, ಹೊಟ್ಟೆ ತುಂಬ. "ಈ ನೀರು ಸಣ್ಣ ಸಾಹೇಬರು ತೋರಿಸಿದ್ದು" ಅಂತ ಯಾರಾದರೂ ಒಂದು ಸಲ ಹೇಳಲಿ ಅನ್ನುವುದೊಂದೇ ನನ್ನ ಆಸೆಯಾಗಿತ್ತು.

ಬಿಳಿಚೋಡಿನ ಕಲ್ಲು

ಜಗಳೂರು ತಾಲ್ಲೂಕು, ಬಿಳಿಚೋಡಿನ ಹತ್ತಿರ ಒಂದು ಹೊಲ. ನಾನು ಬೆಳಗಿನಿಂದ ಮಿಷಿನ್ ಇಟ್ಟು, ವೈರು ಎಳೆದು, ನೆಲಕ್ಕೆ ಕರೆಂಟ್ ಬಿಟ್ಟು, ಲೆಕ್ಕ ಹಾಕಿ ಒಂದು ಗೂಟ ಹೊಡೆಸಿದೆ. ಅವರು ಲೆಕ್ಕ ನೋಡಿ ಸರಿಯಾಗಿದೆ ಅಂದರು. ವಾಪಸ್ ಬರುವಾಗ ಕಾಲು ನೋವೆದ್ದು ಒಂದು ಕಲ್ಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡರು. ಅಷ್ಟೇ. ರೈತ ಓಡಿಬಂದ.

"ಇಲ್ಲೇ ನೋಯ್ತೈತೇನ್ರೀ ಸಾಹೇಬ್ರೆ?"

"ಹೌದಪ್ಪ, ಇಲ್ಲಿಗೆ ಬರೋ ಹೊತ್ತಿಗೆ ಜಾಸ್ತಿ ಆಯ್ತು."

ಮುಂದಿನ ವಾರ ಹೋದರೆ ನನ್ನ ಗೂಟಕ್ಕೆ ಎಮ್ಮೆ ಕಟ್ಟಿದ್ದಾರೆ. ಕಲ್ಲು ಉರುಳಿಸಿ ಅಲ್ಲೇ ಬೋರ್ ಕೊರೆಸಿದ್ದಾರೆ, ನೀರು ಆಳೆತ್ತರ ಚಿಮ್ಮುತ್ತಿದೆ. "ಮಿಷಿನ್ ಸುಳ್ಳು ಹೇಳಬೋದು ರೀ, ಕಾಲು ಹೇಳಲ್ಲ" ಅಂದ ರೈತ. ಅಂದಿನಿಂದ ಆ ಕಡೆ ನಾನೊಬ್ಬನೇ ಹೋದರೆ, "ದೊಡ್ಡ ಸಾಹೇಬ್ರ ಕಾಲು ಬರಲಿಲ್ವೇನ್ರಿ?" ಅಂತ ಕೇಳುತ್ತಿದ್ದರು.

ಸಾಸ್ವೆಹಳ್ಳಿಯ ಚಪ್ಪಾಳೆ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ಅವರಿಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. "ಕಾಲಿಗೆ ಗುಂಡು ಬಿದ್ದಿದ್ದು ಹೆಂಗೆ ಹೇಳ್ರಿ" ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಇವರು ಸುಳ್ಳು ಹೇಳುವವರಲ್ಲ.

"ಗುಂಡಲ್ಲ. ಸಾಮಾನು ಹೊರೋ ಹೇಸರಗತ್ತೆ ಒದೀತು" ಅಂದುಬಿಟ್ಟರು.

ನನ್ನ ಜನ್ಮ ಸಾರ್ಥಕವಾಯಿತು. ಯಾರಿಗಾದರೂ ಕೇಳಿಸದೆ ಹೋದೀತು ಅಂತ ನಾನೇ ಮೈಕ್ ತೆಗೆದುಕೊಂಡು, "ಹೌದು, ನನಗೂ ಹಾಗೇ ಹೇಳಿದ್ದಾರೆ, ಕತ್ತೆಯೇ" ಅಂತ ಸಾಕ್ಷಿ ನುಡಿದೆ.

ಸಭೆಯ ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಏನ್ ವಿನಯ ನೋಡ್ರಿ. ದೇಶಕ್ಕೆ ರಕ್ತ ಕೊಟ್ಟು ಕತ್ತೆ ಹೆಸರು ಹೇಳ್ತಾರೆ."

ಚಪ್ಪಾಳೆ ನಿಲ್ಲಲೇ ಇಲ್ಲ. ಹಣ್ಣಿನ ಬುಟ್ಟಿ ಹೊತ್ತು ಜೀಪಿನಲ್ಲಿ ಇಟ್ಟವನು ನಾನು.

ನ್ಯಾಮತಿಯ ದಬ್ಬೆ

ಅವರು ರಜೆಯಲ್ಲಿದ್ದಾಗ ನ್ಯಾಮತಿ ಕಡೆಯ ಒಂದು ಹೊಲಕ್ಕೆ ಒಬ್ಬನೇ ಹೋದೆ. ಅಲ್ಲಿ ಯಾರಿಗೂ ನನ್ನ ಪರಿಚಯವಿರಲಿಲ್ಲ. ಜೀಪು ಇಳಿದವನೇ ಕುಂಟಿದೆ. ಮಿಷಿನ್ ತೋರಿಸಿದ ಜಾಗಕ್ಕೆ ಬಂದು ಮೊಣಕಾಲು ಹಿಡಿದು "ಅಮ್ಮಾ" ಅಂದೆ. "ಅಯ್ಯೋ ಪಾಪ, ಉಳುಕೈತೆ ಇವ್ರಿಗೆ" ಅಂದಳು ಹೊಲದ ಯಜಮಾನಿ. ನನ್ನನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಮೂಳೆ ಕಟ್ಟುವವನ ಮುಂದೆ ಕೂರಿಸಿದರು. ಅವನು ಕಾಲು ಹಿಡಿದು ಒಂದು ಸಲ ತಿರುಗಿಸಿ, ಮೊಟ್ಟೆಯ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಕಟ್ಟಿದ. ಆಮೇಲೆ ನಿಜವಾಗಿಯೇ ಕುಂಟಿದೆ. ನೀರಿನ ಮಾತು ಯಾರೂ ಎತ್ತಲಿಲ್ಲ.

ಕೆರೆಬಿಳಚಿಯಲ್ಲಿ

ಎಂಬತ್ತು ದಾಟಿದ್ದ ಮಿಲಿಟರಿ ಸಾಹೇಬರು ಈಚೆಗೆ ತೀರಿಕೊಂಡರು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ, ಅವರ ಹೊಲದಲ್ಲೇ ಮಣ್ಣು ಮಾಡುವುದೆಂದಾಯಿತು. ಮುಖ ನೋಡಿದಾಗ ನಿಜಕ್ಕೂ ಅಳು ಬಂತು. ಇನ್ನು ಯಾರನ್ನು ನೋಡಿ ಹೊಟ್ಟೆಕಿಚ್ಚು ಪಡಲಿ?

ಅವರ ಹೆಂಡತಿ ಹತ್ತಿರ ಕರೆದರು. "ಅಣ್ಣಾರೆ, ಜಾಗ ನೀವೇ ತೋರಿಸ್ಬೇಕಂತೆ. ಹಂಗಂತ ಹೇಳಿ ಹೋಗ್ಯಾರೆ."

ಎದೆ ಉಬ್ಬಿತು. ಕೊನೆಗಾದರೂ ನನ್ನ ವಿದ್ಯೆ ಒಪ್ಪಿಕೊಂಡರಲ್ಲ ಅನ್ನಿಸಿತು.

"ನೀವು ತೋರಿಸಿದ ಕಡೆ ನೀರು ಬರಲ್ಲ, ಬೆಚ್ಚಗೆ ಮಲಗ್ತೀನಿ ಅಂದ್ರು" ಅಂತ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೂ ಹೋದೆ. ಹೊಲ ಸುತ್ತಿ, ಮಣ್ಣು ಹಿಸುಕಿ ನೋಡಿ, ಎತ್ತರದ ಒಂದು ಒಣ ಮೂಲೆ ಆರಿಸಿ ಕಡ್ಡಿ ನೆಟ್ಟೆ. ಸೊಂಟದಾಳ ತೋಡುವಷ್ಟರಲ್ಲಿ ನೀರು ಬಂತು. ಬರೀ ಜಿನುಗಲಿಲ್ಲ, ಗುಳುಗುಳು ಅಂತ ತುಂಬಿಕೊಂಡಿತು. ಅಗೆಯುವವರು ಗುದ್ದಲಿ ಅಲ್ಲೇ ಬಿಟ್ಟು ಮೇಲೆ ಹತ್ತಿದರು.

"ನೋಡ್ರಪ್ಪ, ಸತ್ತ ಮೇಲೂ ನೀರು ತೋರಿಸಿದ್ರು ನಮ್ ಸಾಹೇಬ್ರು" ಅಂತ ಒಬ್ಬ ಮುದುಕ ಕೈಮುಗಿದ. ಎಲ್ಲರೂ ಕೈಮುಗಿದರು.

ನನಗೆ ತಡೆಯಲಾಗಲಿಲ್ಲ. "ರೀ, ಇದು ನಾನು ತೋರಿಸಿದ ಪಾಯಿಂಟು. ಕಡ್ಡಿ ನೆಟ್ಟವನು ನಾನು" ಅಂತ ಎಲ್ಲರ ಮುಂದೆ ಕೂಗಿದೆ.

"ಪಾಪ, ಭಾಳ ಹಚ್ಕೊಂಡಿದ್ರು. ದುಃಖಕ್ಕೆ ಏನೇನೋ ಮಾತಾಡ್ತಾರೆ" ಅಂದು ಮುದುಕ ನನ್ನ ರಟ್ಟೆ ಹಿಡಿದು ಬೇವಿನ ಮರದ ನೆರಳಲ್ಲಿ ಕೂರಿಸಿದ. ಆಮೇಲೆ ಹೋಗಿ ಆ ಗುಂಡಿಯಿಂದಲೇ ಒಂದು ಚೊಂಬು ಮೊಗೆದು ತಂದು ನನ್ನ ಮುಖಕ್ಕೆ ಚಿಮುಕಿಸಿದ.

"ಸಮಾಧಾನ ಮಾಡ್ಕಳ್ರಿ," ಅಂದ. "ಸಾಹೇಬ್ರು ಕೊಟ್ಟ ನೀರು, ತಂಪಾಗೈತೆ."